ಚೌಕದೊಳಗಿನ ಅವ್ವ

ನನ್ನ ಮೊಮ್ಮಗಳಿಗೆ ಮಂಡ್ಯದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು! ಬೆಳಿಗ್ಗೆಯಿಂದ ಬೀದಿಯಲ್ಲಿ ಹೋಗೋ ಬರೋರಿಗೆಲ್ಲ ಹೇಳಿ ಹೇಳಿ ಗಂಟಲು ಕಟ್ಟಿಹೋಗಿದೆ, ಅದಕ್ಕೇ ಬರೀತಾ ಇದ್ದೀನಿ. ಇಷ್ಟು ಸಂತೋಷದಲ್ಲೂ ನನಗೆ ನೆನಪಾಗ್ತಿರೋದು ಮದ್ದೂರಿನ ಫೋಟೋ ಸ್ಟುಡಿಯೋದವರು. ಯಾಕೆ ಅಂತ ಹೇಳ್ತೀನಿ.

ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರೋದು. ಕ್ಯಾಮೆರಾದಲ್ಲಿ ಒಂದೇ ಕಣ್ಣಿಂದ ನೋಡಿ ನೋಡಿ ಇನ್ನೊಂದರ ರೆಪ್ಪೆ ಹಾಗೇ ಇಳಿದುಬಿಟ್ಟಿತ್ತು. ಮಾತಾಡುವಾಗ ನಮ್ಮ ಮುಖ ನೋಡ್ತಿರಲಿಲ್ಲ, ಮುಖದ ಮೇಲೆ ಬಿದ್ದ ಬೆಳಕು ನೋಡೋರು. ತೀರಿಹೋದವರ ಹಳೇ ಫೋಟೋಗಳನ್ನ ಕಂಪ್ಯೂಟರಿಗೆ ಹಾಕಿ ಸರಿಮಾಡಿಕೊಡೋರು. ಕೆಲಸ ಅರ್ಧಕ್ಕೆ ಬಿಟ್ಟು ಟೀ ಕುಡಿಯೋಕೆ ಎದ್ದರೂ ಹೆಗಲ ಮೇಲಿನ ಟವಲ್ ತೆಗೆದು ಪರದೆಗೆ ಹೊದಿಸೋರು.

"ಅರ್ಧ ಮುಖ ಹಂಗೇ ಬುಟ್ಟು ಹೋಗಬಾರ್ದು ಕಣಮ್ಮ. ಅವರು ಕಾಯ್ತಾ ಇರ್ತಾರೆ" ಅನ್ನೋರು. ಯಾರು ಕಾಯ್ತಾರೆ ಅಂತ ನಾನು ಕೇಳಲಿಲ್ಲ.

ನಾನು ಒಯ್ದದ್ದು ನಮ್ಮವ್ವನ ಫೋಟೋ. ನಾನು ಕೈಗೂಸಾಗಿದ್ದಾಗಲೇ ಅವ್ವ ಹೋದಳು. ಅವಳ ಮುಖ ನನಗೆ ನೆನಪಿಲ್ಲ, ನೋಡಿದ್ದವರು ಯಾರೂ ಉಳಿದಿಲ್ಲ. ಬೆಳಕವಾಡಿಯ ತವರಿನ ಗೋಡೆಯಲ್ಲಿ ಒಂದೇ ಒಂದು ಫೋಟೋ ಇತ್ತು. ಅದರಲ್ಲೂ ಬಾಯಿದ್ದ ಜಾಗವನ್ನ ಗೆದ್ದಲು ತಿಂದಿತ್ತು.

ಅವರು ಅದನ್ನ ಪರದೆ ಮೇಲೆ ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಅವ್ವನ ಕಣ್ಣು ಒಡೆದು ಚೌಕ ಚೌಕ ಆಯ್ತು. ನಾಲೆ ಏರಿ ಮೇಲೆ ನಿಂತು ಗದ್ದೆ ಬಯಲು ನೋಡಿದ ಹಾಗೆ, ಒಂದೊಂದು ತಾಕಿಗೆ ಒಂದೊಂದು ಬೂದಿ ಬಣ್ಣ.

"ಒಂದೊಂದು ಚೌಕಕ್ಕೂ ಒಂದು ಅಂಕಿ ಅದೆ. ಕಡುಕಪ್ಪಿಗೆ ಸೊನ್ನೆ, ಬೆಳ್ಳಗಾದಂಗೆ ಅಂಕಿ ಏರ್ತದೆ. ಯಂತ್ರಕ್ಕೆ ನಿಮ್ಮವ್ವ ಗೊತ್ತಿಲ್ಲ, ಅಂಕಿ ಗೊತ್ತು" ಅಂದರು.

"ಹಂಗಾದ್ರೆ ಇದ್ರಲ್ಲಿ ನಮ್ಮವ್ವ ಎಲ್ಲವ್ಳೆ?"

ಅವರು ಫೋಟೋನ ಮತ್ತೆ ಚಿಕ್ಕದು ಮಾಡಿದರು. ಗದ್ದೆಗಳೆಲ್ಲ ಕೂಡಿಕೊಂಡು ಅವ್ವ ನನ್ನನ್ನೇ ನೋಡಿದಳು. ಹತ್ತಿರ ಹೋದರೆ ಯಾರೂ ಇಲ್ಲ, ದೂರ ಬಂದರೆ ಅವ್ವ.

ತಿಂದುಹೋದ ಕಡೆ ಏನು ಮಾಡ್ತೀರಿ ಅಂದೆ. ಖಾಲಿ ಚೌಕಕ್ಕೆ ಅಕ್ಕಪಕ್ಕದ ಚೌಕ ನೋಡಿ ಬಣ್ಣ ತುಂಬೋದಂತೆ, ಮನೆಗೆ ಬೀಗ ಇದ್ದಾಗ ನೆರೆಯವರನ್ನ ವಿಚಾರಿಸಿದ ಹಾಗೆ. "ನನ್ನ ಬಾಯಿನೇ ಅಲ್ಲಿಗೆ ಹಾಕ್ಬುಡಿ" ಅಂದಿದ್ದಕ್ಕೆ ಸಿಟ್ಟಾದರು.

"ನಿಮ್ಮ ಬಾಯಿ ಇಟ್ರೆ ಅದು ನೀವು, ನಿಮ್ಮವ್ವ ಅಲ್ಲ. ತುಟಿ ತುದಿ ಒಂಚೂರು ಉಳಿದದೆ. ಅದು ಹೇಳಿದಂಗೆ ಹೋಗ್ತೀನಿ."

ವಾರ ಬಿಟ್ಟು ಹೋದೆ. ಟವಲ್ ಎತ್ತೋಕೆ ಅವರು ಹಿಂದೆಮುಂದೆ ನೋಡಿದರು. ಎತ್ತಿದಾಗ ಅವ್ವನಿಗೆ ಬಾಯಿ ಬಂದಿತ್ತು. ಆದರೆ ಕೆಳತುಟಿ ಒಂದು ಕಡೆಗೆ ಓರೆ, ಏನೋ ಹೇಳಹೊರಟು ತಡೆದುಕೊಂಡ ಹಾಗೆ.

"ಎಷ್ಟು ಸಲ ಮಾಡಿದ್ರೂ ಹಿಂಗೇ ತುಂಬ್ಕತದೆ ಕಣಮ್ಮ. ನಾನೇ ಕೈಯಾರೆ ತಿದ್ದಿ ನೇರ ಮಾಡ್ಲಾ?" ಅವರ ದನಿ ಸಣ್ಣಗಾಗಿತ್ತು.

"ಬುಡಿ, ಹಂಗೇ ಇರ್ಲಿ" ಅಂದೆ. ತಿದ್ದಿ ಅನ್ನೋಕೆ ಬಾಯಿ ಬರಲಿಲ್ಲ.

ಅಂಥ ಓರೆ ತುಟಿಯನ್ನ ನಮ್ಮಲ್ಲಿ ಯಾರಲ್ಲೂ ನಾನು ಕಂಡಿರಲಿಲ್ಲ. ಇವಳು ನಿಜವಾಗಿ ನನ್ನ ಅವ್ವನೋ, ಎಲ್ಲಿಂದಲೋ ಬಂದು ಕೂತ ಯಾರೋ ಹೆಂಗಸೋ ಅಂತ ಹಾರ ಹಾಕುವಾಗೆಲ್ಲ ಕೈ ತಡೀತಿತ್ತು. ಪಿತೃಪಕ್ಷದಲ್ಲಿ ಎಡೆ ಇಟ್ಟರೆ ಸೊಸೆ, "ಅತ್ತೆ, ಯಾರ್ದೋ ಅವ್ವಂಗೆ ಉಣ್ಣಾಕಿಕ್ತಾ ಇದ್ದೀರಿ" ಅಂತ ಚುಚ್ಚೋಳು. ಸ್ಟುಡಿಯೋದವರ ಹತ್ತಿರ ಹೇಳಿಕೊಂಡರೆ, "ಇಲ್ಲದ್ದನ್ನ ನಾನು ಹಾಕಿಲ್ಲ ಕಣಮ್ಮ" ಅನ್ನೋರು, ಅಷ್ಟೇ. ಹೋದ ವರ್ಷ ಅವರೂ ತೀರಿಹೋದರು. ನೋಡೋಕೆ ಹೋಗಿದ್ದೆ. ಬಲಗಣ್ಣು ಪೂರ್ತಿ ಮುಚ್ಚಿತ್ತು. ಎಡಗಣ್ಣು ಮಾತ್ರ ಎಂದಿನ ಹಾಗೆ ಅರ್ಧ.

ಇವತ್ತು ಮಧ್ಯಾಹ್ನ ಮೊಮ್ಮಗಳು ಐಡಿ ಕಾರ್ಡಿಗೆ ಫೋಟೋ ತೆಗೆಸಿಕೊಂಡು, ಫೋನಿಗೂ ಹಾಕಿಸಿಕೊಂಡು ಬಂದಳು. ನಗಬಾರದು, ಬಾಯಿ ಮುಚ್ಚಿರಬೇಕು ಅಂದರಂತೆ. ಆ ಬಾಯಿಬಡುಕಿ ಬಾಯಿ ಮುಚ್ಚಿ ನೆಟ್ಟಗೆ ಕೂತಿದ್ದನ್ನ ಈ ಮನೇಲಿ ಯಾರು ಕಂಡಿದ್ದಾರೆ! ಫೋನು ತಿರುವುತ್ತಾ ಇದ್ದೋಳು ಗಕ್ಕನೆ ನಿಂತಳು.

"ಅಜ್ಜಿ, ಫೋನು ಏನೋ ಕೇಳ್ತಾ ಅದೆ." ಅದರೊಳಗಿರೋ ಫೋಟೋಗಳನ್ನ ಫೋನೇ ಮುಖ ನೋಡಿ ಒಬ್ಬೊಬ್ಬರದನ್ನ ಬೇರೆಬೇರೆ ಜೋಡಿಸಿಡ್ತದಂತೆ.

ಒಂದು ಕಡೆ ಅವಳ ಹೊಸ ಫೋಟೋ. ಪಕ್ಕದಲ್ಲಿ, ಯಾವತ್ತೋ ಅವಳು ಗೋಡೆ ಮೇಲಿನ ಫೋಟೋದಿಂದ ಫೋನಿಗೆ ತೆಗೆದಿಟ್ಟುಕೊಂಡಿದ್ದ ನಮ್ಮವ್ವ. ಎರಡರಲ್ಲೂ ಕೆಳತುಟಿ ಒಂದೇ ಕಡೆಗೆ ಓರೆ. ಕೆಳಗಿದ್ದದ್ದನ್ನ ಓದಿ ಹೇಳಿದಳು: "ಇವರಿಬ್ಬರೂ ಒಬ್ಬರೇನಾ ಅಂತ ಕೇಳ್ತಾ ಅದೆ ಕಣಜ್ಜಿ."

ಸೊಸೆ ಫೋನು ಕಿತ್ತುಕೊಂಡು ನೋಡಿದಳು. ಮಗಳ ಮುಖ ನೋಡಿದಳು, ಗೋಡೆ ನೋಡಿದಳು. ಫೋನನ್ನ ಮಗಳ ಕೈಗೇ ವಾಪಸ್ ಕೊಟ್ಟಳು.

"ಹೌದು ಅಂತ ಒತ್ಲಾ, ಅಲ್ಲ ಅಂತ ಒತ್ಲಾ ಅಜ್ಜಿ?"

"ಯಾವ್ದೂ ಒತ್ಬ್ಯಾಡ ಕಣವ್ವ. ಕೇಳ್ತಲ್ಲ, ಅಷ್ಟೇ ಸಾಕು." ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಸಂಜೆ ನಾಟಿಕೋಳಿ ಸಾರು, ಮುದ್ದೆ. ಫೋಟೋ ಮುಂದೆ ಎಡೆ ಇಟ್ಟಿದ್ದು ಸೊಸೆಯೇ.

"ಇನ್ನೊಂದು ಎಲೆ ಹಾಕು" ಅಂದೆ.

"ಯಾರಿಗತ್ತೆ?"

"ಸ್ಟುಡಿಯೋದವರಿಗೆ."

ಅವ್ವನ ಎಲೆ ಪಕ್ಕದಲ್ಲೇ ಹಾಕಿದಳು. ಮಗ, ಸೊಸೆ, ಮೊಮ್ಮಗಳು, ನಾನು ಸಾಲಾಗಿ ಕೂತೆವು. ಮೊಮ್ಮಗಳು ಮುದ್ದೆ ನುಂಗಿ ಬಾಯಿ ಮುಚ್ಚಿದಳು, ಕೆಳತುಟಿ ಓರೆಯಾಯ್ತು. ನಮ್ಮ ಮೂವರ ಕೈಯೂ ತುತ್ತಿನ ಮೇಲೇ ನಿಂತುಬಿಟ್ಟಿತು.

"ಏನ್ ಹಂಗ್ ನೋಡ್ತೀರಿ? ಸಾರು ಬುಡವ್ವ" ಅಂತ ಅವಳು ಹಲ್ಲು ಕಿರಿದಳು. ಆ ಮುಖದಿಂದ ನಮ್ಮವ್ವ ಹೋಗಿ ಮೊಮ್ಮಗಳು ಬಂದಳು. ನಾವೂ ಉಂಡೆವು.