ಬೂದನ ಕಡ್ಡಿಗಳು

ದುದ್ದದ ಸುತ್ತಮುತ್ತ ಹಸು ಬೆದೆಗೆ ಬಂದರೆ ಜನ ಫೋನು ಮಾಡುತ್ತಿದ್ದುದು ಕೃತಕ ಗರ್ಭಧಾರಣೆ ಮಾಡುವ ಪರಮಶಿವಯ್ಯನಿಗೆ. ಬೈಕಿಗೆ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ. ಒಳಗೆ ನೀರಿನಂತೆ ಕಾಣುವ ನೈಟ್ರೋಜನ್. ಅದರ ಚಳಿಗೆ ಹೋರಿಗಳ ವೀರ್ಯ ತುಂಬಿದ ಸಣ್ಣ ಕಡ್ಡಿಗಳು ಕಲ್ಲಾಗಿ ಮುಳುಗಿರುತ್ತಿದ್ದವು. ಮುಚ್ಚಿಟ್ಟರೂ ನೈಟ್ರೋಜನ್ ದಿನದಿನಕ್ಕೂ ಆವಿಯಾಗಿ ಇಳಿಯುತ್ತಿತ್ತು. ಬತ್ತುವ ಮೊದಲೇ ಹಾಸನಕ್ಕೆ ಹೋಗಿ ತುಂಬಿಸಿಕೊಂಡು ಬರಬೇಕು.

ಆ ಕಡ್ಡಿಗಳ ನಡುವೆ ಕೆಲವು ಬೂದನವು. ಬೂದ ಅವನ ಕೊಟ್ಟಿಗೆಯಲ್ಲೇ ಹುಟ್ಟಿದ ಹಳ್ಳಿಕಾರ್ ಹೋರಿ. ತಾಯಿಗೆ ಹಾಲಿಳಿಯದಿದ್ದಾಗ ಹೆಂಡತಿ ಶಾಂತಕುಮಾರಿ ಬಾಟಲಿಯಲ್ಲಿ ಕುಡಿಸಿ ಉಳಿಸಿದ್ದಳು. ಬೆಳೆದ ಮೇಲೆ ವೀರ್ಯ ಸಂಗ್ರಹಿಸುವ ಕೇಂದ್ರದವರು ಕರೆದೊಯ್ದರು. ಮೊದಲ ಕೆಲವು ಕಡ್ಡಿಗಳು ಪರಮಶಿವಯ್ಯನ ಕೈ ಸೇರಿದ್ದವಷ್ಟೆ, ಚರ್ಮಗಂಟು ರೋಗ ಬಂದ ವರ್ಷ ಅಲ್ಲಿ ಬೂದ ಸತ್ತ. ಇಲ್ಲಿ ಅವನ ತಾಯಿಯೂ ತಂಗಿಯೂ ಸತ್ತವು. ಆ ವಂಶದಲ್ಲಿ ಉಳಿದದ್ದು ಕ್ಯಾನಿನ ತಳದಲ್ಲಿದ್ದಷ್ಟೇ.

ಎಲ್ಲರ ಮನೆಯಲ್ಲೂ ಸೀಮೆಹಸು. ಸಿಕ್ಕ ಹಸುವಿಗೆ ಬೂದನ ಕಡ್ಡಿ ಹಾಕಲು ಪರಮಶಿವಯ್ಯನಿಗೆ ಮನಸ್ಸಾಗಲಿಲ್ಲ. ಕಾದ. ಕೊನೆಗೆ ಮೊಸಳೆ ಎಂಬ ಊರಿನ ಪುಟ್ಟಸ್ವಾಮಿ ಒಳ್ಳೆಯ ಹಳ್ಳಿಕಾರ್ ಕಡಸು ತಂದಿದ್ದಾನೆಂದು ತಿಳಿದು, ಅದಕ್ಕೆ ಬೂದನ ಕಡ್ಡಿ ಹಾಕಲು ಬಿಡೆಂದು ಹೋಗಿ ಕೇಳಿಕೊಂಡ. ಬೆದೆಗೆ ಬಂದಾಗ ತಿಳಿಸುತ್ತೇನೆಂದು ಅವನು ಒಪ್ಪಿದ.

ಅದಾದ ಕೆಲವೇ ದಿನಕ್ಕೆ, ಕೊರವಂಗಲದ ದಾರಿಯ ಗುಂಡಿಯಲ್ಲಿ ಬೈಕು ಎಗರಿ ಕ್ಯಾನು ಕಲ್ಲಿಗೆ ಬಡಿಯಿತು. ಹೊರಗೇನೂ ಕಾಣಲಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ಕ್ಯಾನಿನ ಮೈಗೆಲ್ಲ ಬೆಳ್ಳಗೆ ಹಿಮ ಕಟ್ಟಿ, ಅದೂ ಕರಗಿ ನೆಲ ಒದ್ದೆಯಾಗಿತ್ತು. ಅಳತೆ ಕಡ್ಡಿ ಇಳಿಬಿಟ್ಟ. ಒಣಗಿದ್ದು ಒಣಗಿದಂತೆಯೇ ಮೇಲೆ ಬಂತು. ನೈಟ್ರೋಜನ್ ಪೂರ್ತಿ ಗಾಳಿಯಾಗಿ ಹೋಗಿತ್ತು. ಬೂದನ ಕಡ್ಡಿ ಎತ್ತಿ ಓರೆ ಮಾಡಿದರೆ ಒಳಗಿನದು ತೆಳ್ಳಗೆ ಹರಿಯಿತು.

ಶಾಂತಕುಮಾರಿ ಪಕ್ಕ ಬಂದು ಕೂತಳು. "ತಿರ್ಗ ಗಟ್ಟಿ ಮಾಡಕ್ಕಾಗಕಿಲ್ವಾ?"

"ಗಟ್ಟಿ ಆಯ್ತದೆ. ಜೀವ ಬರಕಿಲ್ಲ ಕಣೆ."

ಆದರೂ ಹಾಸನದಿಂದ ಬೇರೆ ಕ್ಯಾನು ತಂದು ಬೂದನ ಕಡ್ಡಿಗಳನ್ನು ಮತ್ತೆ ಮುಳುಗಿಸಿಟ್ಟ. ಮೊಸಳೆಯಿಂದ ಕರೆ ಬಂದಾಗ ಹೋದ. ನಡೆದದ್ದನ್ನು ಪುಟ್ಟಸ್ವಾಮಿಗೆ ತಿಳಿಸಲಿಲ್ಲ. ಬೂದನ ಕಡ್ಡಿಯೊಂದನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಎಂದಿಗಿಂತ ಜೋಪಾನವಾಗಿ ಕಡಸಿಗೆ ಹಾಕಿ ಬಂದ. ಆಮೇಲೆ ಅನ್ನ ಸೇರಲಿಲ್ಲ. ಒಮ್ಮೆ ಕರಗಿದ ಕಡ್ಡಿ ಫಲಿಸುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಡುವವನೇ ದೇವರಿಗೆ ಹರಕೆ ಹೊತ್ತ.

ಮೂರು ವಾರಕ್ಕೆ ಫೋನು ಬಂತು. "ಕಡಸು ತಿರ್ಗ ಬೆದೆಗೆ ಬಂದದೆ ಕಣಣ್ಣ. ಇನ್ನೊಂದು ಕಡ್ಡಿ ಐತಾ?" ಎಂದ ಪುಟ್ಟಸ್ವಾಮಿ.

"ಅವೆ. ಎಲ್ಲಾ ಸತ್ತೋಗವೆ ಕಣಪ್ಪಾ. ಅವತ್ತು ಆಕಿದ್ದೂ ಸತ್ತಿದ್ದೇಯ."

ಬೇರೆಯವರನ್ನು ಕರೆಸುತ್ತೇನೆಂದು ಪುಟ್ಟಸ್ವಾಮಿ ಫೋನಿಟ್ಟ. ಬೈಯಲೂ ಇಲ್ಲ.

ಪರಮಶಿವಯ್ಯ ಈಗಲೂ ಕರೆದಲ್ಲಿಗೆ ಹೋಗುತ್ತಾನೆ. ಮೊಸಳೆಗೆ ಹೋಗುವುದಿಲ್ಲ. ಮನೆಯಲ್ಲೊಂದು ಕರು ಸಾಕೋಣವೆಂದು ಶಾಂತಕುಮಾರಿ ಕೇಳಿದಳು. ಅವನು ಎದ್ದು ಬೈಕಿಗೆ ಕ್ಯಾನು ಕಟ್ಟತೊಡಗಿದ. ಕೊಟ್ಟಿಗೆಯಲ್ಲಿ ಈಗ ಸೌದೆ ಒಟ್ಟಿದ್ದಾರೆ.