ಎಡೆಗಿಟ್ಟ ಬೀಡಿ

ರಬಕವಿಯಲ್ಲಿ ನಾನು ಸೀರೆ ವ್ಯಾಪಾರ ಕುದುರಿಸುವ ಚಹಾದಂಗಡಿಯೊಳಗೆ ಸದಾ ಬೀಡಿಯ ಹೊಗೆ. ಅಂಗಡಿಯ ಮಾಲೀಕ ತಾನು ಸೇದದಿದ್ದರೂ, ಬೀಡಿ ಸೇದಿ ತೀರಿಕೊಂಡ ಅವನ ಅಪ್ಪನ ಕೆಮ್ಮೇ ಅವನಿಗೂ ಹತ್ತಿತ್ತು.

"ಒಳಗ ಸೇದೂದು ಬಂದ್ ಮಾಡ್ರಿ, ಬೋರ್ಡ್ ಹಾಕ್ರಿ," ಎಂದೆ.

"ಗಿರಾಕಿ ಹೋದ್ರ ಅಷ್ಟೂ ಚಾ ನೀವ ಕುಡೀತೀರೇನ್ರಿ?"

ಅಂದು ಅಮಾವಾಸ್ಯೆ. ಮಾಲೀಕ ತನ್ನ ಅಪ್ಪನ ಫೋಟೋದ ಮುಂದೆ ಎಡೆಯ ಜೊತೆ, ಅವರಿಗೆ ಇಷ್ಟವೆಂದು, ಹಚ್ಚಿದ ಬೀಡಿಯನ್ನೂ ಇಟ್ಟಿದ್ದ. ಸೇದದೆ ಇಟ್ಟ ಬೀಡಿ ಬೇಗ ಆರುತ್ತದೆ. ಇದು ಆರಲಿಲ್ಲ, ಯಾರೋ ಎಳೆದಂತೆ ತುದಿ ಮತ್ತೆ ಮತ್ತೆ ಕೆಂಪಾಗುತ್ತಿತ್ತು. ಮಾಲೀಕ ಕೆಮ್ಮಿದ. ಯಾರೂ ಇಲ್ಲದ ಒಳಕೋಣೆಯಿಂದಲೂ ಅದೇ ಕೆಮ್ಮು ಕೇಳಿಸಿತು.

ಚೌಕಾಸಿ ಮಾಡುವವರಿಗೆ ನಾನು ಹೇಳುವುದಿಷ್ಟೇ: ಎದುರಿನವನ ಮುಖ ಬದಲಾದಾಗ ಬಾಯಿ ಮುಚ್ಚಿ. ಮಾಲೀಕನ ಮುಖ ಬದಲಾಗಿತ್ತು.

ಆತ ಬೀಡಿಯನ್ನು ನೀರಿಗೆ ಹಾಕಿ, "ಯಪ್ಪಾ, ಸಾಕ್ ಮಾಡು ಇನ್ನ," ಎಂದ. ಮರುದಿನ ಬೋರ್ಡ್ ಬಂತು. ಆತನ ಕೆಮ್ಮು ಈಗ ಇಳಿದಿದೆ. ಒಳಕೋಣೆಯದು ಇನ್ನೂ ಇಳಿದಿಲ್ಲ.