ಇಂಜಿನ್ನಿನ ಮಸಿ, ಓಲೆಗರಿ

ಭದ್ರಾವತಿ ಬಿಟ್ಟ ರೈಲು ತೊಟ್ಟಿಲಿನಂತೆ ತೂಗುತ್ತಾ ಶಿವಮೊಗ್ಗದ ಕಡೆ ಹೊರಟಿತ್ತು. ನನಗೆ ಅರೆನಿದ್ದೆ. ಎದುರಿಗಿದ್ದ ಅಜ್ಜಿಯ ಮಡಿಲಲ್ಲಿ ಒಂದೇ ಒಂದು ಓಲೆಗರಿ. ವೈದ್ಯರಾಗಿದ್ದ ಗಂಡ ತೀರಿಹೋದ ಮೇಲೆ ನೆನಪಿಗೆಂದು ಅದನ್ನು ಉಳಿಸಿಕೊಂಡಿದ್ದರಂತೆ.

"ಅಕ್ಷರವೆಲ್ಲಾ ಅಳಿಸಿಹೋಗಿತ್ತು ಮಾರಾಯ್ರೆ. ಉಳಿದ ಕಟ್ಟನ್ನ ಬೆಳಿಗ್ಗೆ ಭದ್ರಾ ಹೊಳೆಗೆ ಬಿಟ್ಟೆ."

ಅಷ್ಟರಲ್ಲಿ ಕಿಟಕಿಯಿಂದ ಇಂಜಿನ್ನಿನ ಮಸಿ ಹಾರಿ ಬಂದು ಗರಿಯ ಮೇಲೆ ಬಿತ್ತು. ಅಜ್ಜಿ ಸೆರಗಿನಿಂದ ಒರೆಸಿದರು. ಒರೆಸಿದಷ್ಟೂ ಮಸಿ ಹಳೆಯ ಗೀರುಗಳಿಗೆ ಇಳಿದು, ಅಕ್ಷರಗಳು ಕಪ್ಪಗೆ ಎದ್ದುನಿಂತವು. ಕಣ್ಣುಜ್ಜಿಕೊಂಡೆ. ಕನಸಲ್ಲ.

"ಏನು ಬರೆದಿದಾರೆ, ಓದ್ರೀ!" ಅಜ್ಜಿ ಗರಿಯನ್ನು ನನ್ನ ಕೈಗಿಟ್ಟರು.

"ಎಳೆಗೂಸಿನ ಜ್ವರಕ್ಕೆ ಮೊದಲು" ಎನ್ನುವಲ್ಲಿಗೆ ಗರಿ ಮುಗಿದಿತ್ತು.

ರೈಲು ತುಂಗೆಯ ಸೇತುವೆ ಹತ್ತಿತು. ಕೆಳಗಿನ ನೀರನ್ನೇ ನೋಡುತ್ತಾ ಅಜ್ಜಿ ಕೇಳಿದರು: "ಭದ್ರೆ ನೀರು ಇಷ್ಟೊತ್ತಿಗೆ ಈ ತುಂಗೆ ಸೇರೋ ಕೂಡ್ಲಿ ಮುಟ್ಟಿರುತ್ತೇನ್ರೀ?"